ಗಾಜಿನ ತೊಟ್ಟಿಗೊಂದು ಬಂಡೆಗೋಡೆ

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸವು ಈಗ ಸಣ್ಣ ಊರುಗಳ ಗೃಹಸ್ಥರ ಮನೆಗಳಿಗೂ ಬಂದಿರುವುದು ವಾಚಕರಿಗೆ ತಿಳಿದೇ ಇದೆ. ಪಡಸಾಲೆಯ ಮೂಲೆಯಲ್ಲೊಂದು ಮೇಜು, ಅದರ ಮೇಲೆ ತೊಟ್ಟಿ, ತೊಟ್ಟಿಯ ಹಿಂಬದಿಗೆ ಸಮುದ್ರದ ಚಿತ್ರವುಳ್ಳ ನೀಲಿ ಕಾಗದ. ಇಷ್ಟಾದರೆ ಅಲಂಕಾರವು ಮುಗಿಯಿತೆಂದು ಬಹು ಜನರ ಭಾವನೆ. ಆ ಕಾಗದವು ಕೆಲವು ತಿಂಗಳುಗಳಲ್ಲಿ ಬಿಳಿಚಿ, ನೀರಿನ ಪಸೆ ತಾಗಿ, ಅಂಚುಗಳಲ್ಲಿ ಸುರುಳಿಗೊಳ್ಳುವುದು. ನಾವೂ ಹಲವು ವರ್ಷ ಹಾಗೆಯೇ ಮಾಡಿದವರಾದುದರಿಂದ ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆವು.

ಕಾಗದದ ಬದಲಿಗೆ ತೊಟ್ಟಿಯ ಒಳಮೈಗೇ ಹಗುರವಾದ ನೊರೆಹಲಗೆಯನ್ನು, ಎಂದರೆ ನಮ್ಮ ಪೇಟೆಗಳಲ್ಲಿ ಥರ್ಮಾಕೋಲ್ ಎಂಬ ಹೆಸರಿನಿಂದ ಮಾರುವ ವಸ್ತುವನ್ನು, ಕೊರೆದು ಬಂಡೆಯ ರೂಪ ಕೊಟ್ಟು, ನೀರಿಗೆ ಅಳುಕದಂತೆ ಲೇಪಿಸಿ ಕೂಡಿಸುವ ಪದ್ಧತಿಯೊಂದುಂಟು. ಕಳೆದ ಬೇಸಿಗೆಯಲ್ಲಿ ಕಮತಗಿಯ ಬಂಧುಗಳ ಮನೆಯಲ್ಲಿ ಇದನ್ನು ಮಾಡಿ ಎರಡು ಸಲ ಕೆಟ್ಟು, ಮೂರನೆಯ ಸಲ ಗೆದ್ದೆವು. ಕೆಟ್ಟ ಕಥೆಯನ್ನೂ ಇಲ್ಲಿ ಮುಚ್ಚದೆ ಹೇಳುವೆವು. ಅದರಿಂದ ವಾಚಕರ ಹಣವೂ, ಅದಕ್ಕಿಂತ ಹೆಚ್ಚಾಗಿ ಕೆಲವು ಮೂಕಜೀವಗಳೂ ಉಳಿದಾವು.

ಮಲಪ್ರಭೆಯ ಬಯಲಿನ ಕಮತಗಿಯು ನೇಕಾರರ ಊರು. ನಮ್ಮ ಬಂಧುಗಳ ಮನೆಯಲ್ಲಿಯೂ ಕುಣಿಮಗ್ಗವಿದೆ. ಮುತ್ಯಾ ಎಂದು ಎಲ್ಲರೂ ಕರೆಯುವ ಮನೆಯ ಹಿರಿಯರು ಇಂದಿಗೂ ಬೆಳಗಾಗುತ್ತಲೇ ಅದರಲ್ಲಿ ಇಳಿದು ಕೂಡುತ್ತಾರೆ. ನಾವು ಹೋದ ದಿನವೇ ಅವರ ಮೊಮ್ಮಗನು ನಮ್ಮನ್ನು ಹಿತ್ತಲಿಗೆ ಎಳೆದೊಯ್ದು, ಒಂದು ಬುಟ್ಟಿಯನ್ನೆತ್ತಿ ತೋರಿಸಿದನು. ಅದರಡಿ ಬತ್ತುತ್ತಿದ್ದ ಹಳ್ಳದಿಂದ ಹಿಡಿದು ತಂದ ಆಮೆಯೊಂದು ಕಾಲೆಳೆದುಕೊಂಡು ಕುಳಿತಿತ್ತು.

“ಕಾಕಾ, ಇದಕ್ಕೊಂದು ಗಾಜಿನ ಮನಿ ಮಾಡಿಕೊಡ್ರಿ. ಹಿಂದ ಬಾದಾಮಿ ಗುಡ್ಡದಂಗ ಕಲ್ಲು ಇರಬೇಕು.”

ಅವನ ಆಸೆಯ ಎರಡನೆಯ ಭಾಗವು ನಮಗೆ ಬಹಳ ಹಿಡಿಸಿತು. ಮೊದಲನೆಯದು ಮಾತ್ರ ಕೂಡದ ಕೆಲಸ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ನಾಡಿನ ಹಳ್ಳಕೊಳ್ಳಗಳ ಮೆತುಚಿಪ್ಪಿನ ಆಮೆ, ನಕ್ಷತ್ರ ಆಮೆ, ಉಡ, ಗೋಸುಂಬೆ, ಹಾವು ಇವುಗಳನ್ನು ಹಿಡಿದು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ನಕ್ಷತ್ರ ಆಮೆಯ ಕಳ್ಳವ್ಯಾಪಾರವು ಮಿತಿಮೀರಿ, 2019ರಲ್ಲಿ ಅದನ್ನು ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸುವ ಪಟ್ಟಿಗೆ ಏರಿಸಬೇಕಾಯಿತು. ಹುಡುಗನಿಗೆ ಕಾಯಿದೆಯ ಮಾತು ರುಚಿಸಲಿಲ್ಲ. ಆದರೆ “ಇದರ ಹಳ್ಳ ಇದಕ್ಕ ಬೇಕಲ್ಲೋ ತಮ್ಮಾ” ಎಂದು ಮುತ್ಯಾ ಅಂದಮೇಲೆ ತಾನೇ ಬುಟ್ಟಿಯನ್ನು ಹೊತ್ತು ನಡೆದನು. ಇನ್ನೂ ನೀರು ನಿಂತಿದ್ದ ಒಂದು ಮಡುವಿನಲ್ಲಿ ಅದನ್ನು ಬಿಟ್ಟು ಬಂದೆವು. ತೊಟ್ಟಿಯಲ್ಲಿ ಮೀನು ಮತ್ತು ಗಿಡಗಳು ಮಾತ್ರ ಇರತಕ್ಕದ್ದೆಂದು ಅಂದೇ ನಿಶ್ಚಯವಾಯಿತು.

ಕೆಳಗೆ ನೀರು, ಮೇಲೆ ಗಿಡ, ನಡುವೆ ಬಂಡೆ, ಹೀಗೆ ಒಂದು ನೆಲದ ತುಣುಕನ್ನೇ ಗಾಜಿನೊಳಗೆ ನಿಲ್ಲಿಸುವ ಇಂಥ ಮನೆಗೆ ವಿವೇರಿಯಮ್ ಎಂಬ ಲ್ಯಾಟಿನ್ ಹೆಸರಿದೆ. ಜೀವವಿರುವವುಗಳ ಎಡೆ ಎಂದು ಅದರ ಅರ್ಥ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಎಂಬಾತನು ಪತಂಗದ ಕೋಶವನ್ನು ಮಣ್ಣಿನೊಡನೆ ಸೀಸೆಯಲ್ಲಿ ಮುಚ್ಚಿಟ್ಟಿದ್ದಾಗ, ಹೊಗೆ ತುಂಬಿದ ಆ ಊರಿನ ತೋಟದಲ್ಲಿ ಬದುಕದಿದ್ದ ಜರೀಗಿಡವು ಸೀಸೆಯೊಳಗೆ ತಾನಾಗಿ ಮೊಳೆತುದನ್ನು ಕಂಡನು. ಈ ಹವ್ಯಾಸದ ಬೇರು ಅಲ್ಲಿಂದಲೇ. ಬಾಗಲಕೋಟೆಯ ಕಡೆಯ ಬೇಸಿಗೆಯ ಒಣಗಾಳಿಯೂ ಜರೀಗಿಡಕ್ಕೆ ಲಂಡನ್ನಿನ ಹೊಗೆಗಿಂತ ಮೃದುವಾದುದೇನಲ್ಲ. ಗಾಜಿನ ಮರೆಯು ಇಲ್ಲಿಯೂ ಅಷ್ಟೇ ಉಪಕಾರಿ.

ಕೆಲಸಕ್ಕೆ ಕೈಹಚ್ಚುವ ಮೊದಲು ಹುಡುಗನನ್ನು ಕರೆದುಕೊಂಡು ಬಾದಾಮಿಗೆ ಹೋಗಿಬಂದೆವು. ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು ಆ ಕೆಂಪು ಮರಳುಗಲ್ಲಿನ ಗುಡ್ಡವನ್ನು ಒಂದು ಗಳಿಗೆ ಸುಮ್ಮನೆ ನೋಡಿದರೆ ಸಾಕು, ನಕಲುಮಾಡುವವನಿಗೆ ಬೇಕಾದ ಪಾಠವೆಲ್ಲ ಅಲ್ಲಿದೆ. ಬಂಡೆಯು ಒಂದೇ ಮುದ್ದೆಯಲ್ಲ. ಹಾಸಿನ ಮೇಲೆ ಹಾಸು ಕೂತಂತೆ ಅಡ್ಡಗೆರೆಗಳು. ಕೆಲವು ಪದರುಗಳಲ್ಲಿ ಒಳಗೆರೆಗಳು ಓರೆಯಾಗಿ ಇಳಿದಿವೆ. ಅವುಗಳನ್ನು ಸೀಳಿಕೊಂಡು ಮೇಲಿನಿಂದ ಕೆಳಗಿನವರೆಗೆ ಬಂದ ನೆಟ್ಟನೆಯ ಬಿರುಕುಗಳು. ಮಳೆನೀರು ಇಳಿದಲ್ಲೆಲ್ಲ ಕಪ್ಪು ಓರಣ. ಮೆತ್ತನೆಯ ಪದರು ಸವೆದು ಒಳಸರಿದಿರುವುದರಿಂದ ಗಟ್ಟಿಯ ಪದರು ಸೂರಿನಂತೆ ಮುಂದೆ ಚಾಚಿದೆ. 578ರ ಶಾಸನವುಳ್ಳ ಮೂರನೆಯ ಗುಹೆಯನ್ನು ಚಾಲುಕ್ಯರ ಶಿಲ್ಪಿಗಳು ಕೊರೆದದ್ದು ಈ ಕಲ್ಲಿನಲ್ಲಿಯೇ. ಅಲ್ಲಿಂದ ಒಂದು ಹಿಡಿ ಮರಳನ್ನಾದರೂ ತರೋಣವೆಂದು ಹುಡುಗನು ಬಗ್ಗಿದನು, ಬೇಡವೆಂದೆವು. ಸಂರಕ್ಷಿತ ಸ್ಮಾರಕದ ನೆಲದಿಂದ ಏನನ್ನೂ ಎತ್ತಬಾರದು. ಅವನು ಒಂದು ಹಾಳೆಯ ಮೇಲೆ ಗುಡ್ಡದ ಗೆರೆಗಳನ್ನು ಬರೆದುಕೊಂಡನು, ಅಷ್ಟೇ.

ಇನ್ನು ಸಾಮಗ್ರಿಯ ವಿಚಾರ. ನೊರೆಹಲಗೆಯಲ್ಲಿ ಮೂರು ಜಾತಿಗಳಿವೆ. ಬಿಳಿಯ ಕಾಳುಕಾಳಾದ ಥರ್ಮಾಕೋಲ್ ಎಲ್ಲ ಊರುಗಳಲ್ಲಿಯೂ ದೊರೆಯುವುದು, ಅಗ್ಗವೂ ಹೌದು. ಆದರೆ ಕೊರೆಯುವಾಗ ಕಾಳು ಉದುರಿ ಮನೆಯೆಲ್ಲ ಹಾರಾಡುವುದು. ಮಾಳಿಗೆಯ ಬಿಸಿಲು ತಡೆಯಲೆಂದು ಮಾರುವ ನುಣುಪಾದ ಬಣ್ಣದ ಹಲಗೆಯು ಕಾಳುದುರದೆ ಚೊಕ್ಕವಾಗಿ ಕೊರೆಯಲು ಬರುವುದು. ಮೂರನೆಯದು ಡಬ್ಬಿಯಿಂದ ಚಿಮ್ಮಿ ಉಬ್ಬುವ ನೊರೆ. ಸಂದು ತುಂಬುವುದಕ್ಕೆ ಇದು ಬಲು ಅನುಕೂಲ. ಆದರೆ ಹಸಿಯಿರುವಾಗ ಅದರ ಆವಿಯು ಶ್ವಾಸಕೋಶಕ್ಕೆ ಕೆಟ್ಟದ್ದು, ಚರ್ಮಕ್ಕೆ ಹತ್ತಿದರೆ ಬಿಡದು. ಕೈಗೆ ಚೀಲ ತೊಟ್ಟು ಬಯಲಿನಲ್ಲಿಯೇ ಉಪಯೋಗಿಸತಕ್ಕದ್ದು. ಮಕ್ಕಳ ಕೈಗೆ ಕೊಡಲೇಬಾರದು. ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುವ ವಸ್ತು ಅದು. ನಮ್ಮ ಬೇಸಿಗೆಯಲ್ಲಿ ತೇವವೇ ಇಲ್ಲವಾದುದರಿಂದ ನೀರಿನ ತುಂತುರನ್ನು ಎರಚಿ, ತೆಳುವಾಗಿ ಒಂದರ ಮೇಲೊಂದು ಪದರು ಹಾಕಬೇಕು. ದಪ್ಪನಾಗಿ ಒಮ್ಮೆಲೇ ಸುರಿದರೆ ಹೊರಗೆ ಗಟ್ಟಿ, ಒಳಗೆ ಹಸಿ.

ನಮ್ಮ ತೊಟ್ಟಿಯು 90 ಸೆಂಟಿಮೀಟರ್ ಉದ್ದ, 40 ಅಗಲ, 45 ಎತ್ತರದ್ದು. 5 ಸೆಂಟಿಮೀಟರ್ ದಪ್ಪದ ಹಲಗೆಯನ್ನು ಆರಿಸಿದೆವು. ಮೊದಲ ತಪ್ಪು ಇಲ್ಲಿಯೇ ಆಯಿತು. ಹಲಗೆಯನ್ನು ಒಳ ಅಳತೆಗೆ ಸರಿಯಾಗಿ ಕತ್ತರಿಸಿದೆವು. ಆದರೆ ತೊಟ್ಟಿಯ ಬಾಯಿಗೆ ಬಲಕ್ಕಾಗಿ ಅಂಟಿಸಿದ ಗಾಜಿನ ಪಟ್ಟಿಗಳಿರುವುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಲಗೆಯು ಒಳಗೆ ಇಳಿಯಲೇ ಇಲ್ಲ. ಆದುದರಿಂದ ಅದನ್ನು ಎರಡು ಭಾಗ ಮಾಡಿ, ಕೂಡುವ ಗೆರೆಯನ್ನು ನೇರವಾಗಿ ಬಿಡದೆ ಬಂಡೆಯ ಬಿರುಕಿನಂತೆ ಸೊಟ್ಟಸೊಟ್ಟಾಗಿ ಕೊರೆಯಬೇಕಾಯಿತು. ಮೇಲೆ ಬರುವ ಲೇಪವೂ ಕೆಲವು ಮಿಲಿಮೀಟರ್ ದಪ್ಪವಿರುವುದರಿಂದ ಸುತ್ತಲೂ ಅರ್ಧ ಸೆಂಟಿಮೀಟರ್ ಕಡಿಮೆಯೇ ಇರಲಿ.

ಕೊರೆಯುವುದೇ ಈ ಕೆಲಸದಲ್ಲಿ ಸಂತೋಷದ ಭಾಗ. ಅದಕ್ಕಾಗಿ ನಮ್ಮ ಉಪದೇಶವು ವಿಶೇಷವಾಗಿ ಬೇಕಿಲ್ಲ. ಹರಿತವಾದ ಚೂರಿ, ತಂತಿಯ ಕುಂಚ, ಮತ್ತು ಬೆರಳು. ಚೂರಿಯಿಂದ ಕತ್ತರಿಸಿದ ಮೈಗಿಂತ ಬೆರಳಿನಿಂದ ಮುರಿದ ಮೈಯೇ ಕಲ್ಲಿನಂತೆ ಕಾಣುವುದೆಂದು ಹುಡುಗನೇ ಕಂಡುಹಿಡಿದನು. ಗಿಡಗಳಿಗಾಗಿ ಮೇಲಿನ ಭಾಗದಲ್ಲಿ ಮೂರು ಗೂಡುಗಳನ್ನೂ, ನೀರೆತ್ತುವ ಯಂತ್ರದ ಕೊಳವೆಗೆ ಒಂದು ಕಾಲುವೆಯನ್ನೂ ಬಿಟ್ಟೆವು. ಯಂತ್ರವನ್ನು ಬಂಡೆಯ ಹಿಂದೆ ಹುದುಗಿಸಬಾರದು. ಕೆಟ್ಟ ದಿನ ಕೈ ಹೋಗುವುದಿಲ್ಲ. ಉದುರಿದ ಚೂರುಗಳನ್ನು ಒದ್ದೆ ಅರಿವೆಯಿಂದ ಒರೆಸಿ ಚೀಲದಲ್ಲಿ ಕಟ್ಟಿಡಿರಿ. ಬೀದಿಗೆ ಚೆಲ್ಲಿದರೆ ದನಗಳು ತಿನ್ನುವವು. ಸುಟ್ಟರೆ ವಿಷದ ಹೊಗೆ. ಒಲೆ, ದೀಪಗಳ ಬಳಿ ಈ ಕೆಲಸ ಬೇಡವೇ ಬೇಡ.

ಬಣ್ಣ ಹಚ್ಚುವವರ ಥಿನ್ನರ್, ಪೆಟ್ರೋಲ್, ಅವು ಬೆರೆತ ಅಂಟು, ಚಿಮ್ಮುವ ಡಬ್ಬಿಯ ಬಣ್ಣ ಇವು ಥರ್ಮಾಕೋಲನ್ನು ಬೆಲ್ಲ ಕರಗಿದಂತೆ ಕರಗಿಸುತ್ತವೆ. ಯಾವ ಲೇಪವನ್ನಾದರೂ ಮೊದಲು ಒಂದು ಚೂರಿನ ಮೇಲೆ ಹಚ್ಚಿ ನೋಡುವುದು ಒಳಿತು.

ಲೇಪಕ್ಕೆ ನಾವು ಸಿಮೆಂಟನ್ನೇ ಆರಿಸಿದೆವು. ಯಾವ ಊರಲ್ಲಿಯೂ ದೊರೆಯುವುದಷ್ಟೆ. ಮೊದಲ ಕೈ ಬರಿಯ ಸಿಮೆಂಟು, ತೆಳ್ಳನೆಯ ಮಜ್ಜಿಗೆಯಂತೆ, ಸಂದುಸಂದಿಗೂ ಇಳಿಯುವ ಹಾಗೆ. ಎರಡನೆಯ ಮತ್ತು ಮೂರನೆಯ ಕೈಗೆ ಸಿಮೆಂಟಿನಷ್ಟೇ ಜರಡಿ ಹಿಡಿದ ಸಣ್ಣ ಮರಳು, ದೋಸೆಯ ಹಿಟ್ಟಿನಂತೆ. ಕೊನೆಯ ಕೈಗೆ ಹಳೆಯ ಮನೆಗಳ ಕೆಂಪು ನೆಲಕ್ಕೆ ಹಾಕುತ್ತಿದ್ದ ರೆಡ್ ಆಕ್ಸೈಡ್ ಪುಡಿಯನ್ನು ಬೆರೆಸಿದೆವು. ಸಿಮೆಂಟಿನ ತೂಕದ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚಾದರೆ ಲೇಪವು ಬಲಗುಂದುವುದು. ಅದು ಕಬ್ಬಿಣದ ತುಕ್ಕಿನ ಜಾತಿಯದೇ, ನೀರಿನಲ್ಲಿ ಕರಗುವುದಿಲ್ಲ. ಬಾದಾಮಿಯ ಕಲ್ಲಿನ ಕೆಂಪೂ ಕಬ್ಬಿಣದ್ದೇ ಆದುದರಿಂದ ಬಣ್ಣವು ಹೊಂದಿಕೊಂಡಿತು.

ಅನಂತರ ಹಲಗೆಗಳನ್ನು ಬಡಗಿಗಳು ಬಳಸುವ ಬಿಳಿಯ ಅಂಟಿನಿಂದ ಗಾಜಿಗೆ ಕೂಡಿಸಿ, ಎರಡು ದಿನ ಬಿಟ್ಟು 20 ಸೆಂಟಿಮೀಟರ್ ನೀರು ತುಂಬಿಸಿ, ರಾತ್ರಿ ಉಂಡು ಮಲಗಿದೆವು. ಬೆಳಗ್ಗೆ ನೋಡಿದರೆ ನೀರು ಹಾಲಿನಂತಾಗಿತ್ತು. ನಮ್ಮ ಬಾದಾಮಿಯ ಗುಡ್ಡವು ತೇಲುತ್ತಿತ್ತು.

ನಗಬಾರದ ಸಂಗತಿಯಾದರೂ ಮನೆಯವರೆಲ್ಲ ನಕ್ಕರು. ಬಿಳಿಯ ಅಂಟು ಮರಕ್ಕೆ ಸರಿ. ನೀರಿನಲ್ಲಿ ನೆನೆದರೆ ಮತ್ತೆ ಹಾಲಾಗುವುದು. ಅದಕ್ಕಿಂತ ಮುಖ್ಯವಾಗಿ ನಾವು ಲೆಕ್ಕವನ್ನೇ ಹಾಕಿರಲಿಲ್ಲ. 90 ಸೆಂಟಿಮೀಟರ್ ಉದ್ದ, 5 ದಪ್ಪದ ಹಲಗೆಯು 20 ಸೆಂಟಿಮೀಟರ್ ಮುಳುಗಿದರೆ ಅದು ಸರಿಸುವ ನೀರು 9 ಲೀಟರ್. ಎಂದರೆ 9 ಕಿಲೋಗ್ರಾಮಿನ ಬಲವು ಅದನ್ನು ಹಗಲಿರುಳೂ ಮೇಲಕ್ಕೆ ನೂಕುತ್ತಿರುವುದು. ಇಡೀ ಹಲಗೆಯ ಸ್ವಂತ ತೂಕವೋ ಅರ್ಧ ಕಿಲೋದಷ್ಟೂ ಇಲ್ಲ. ಸಿಮೆಂಟಿನ ಲೇಪದ್ದು ಸುಮಾರು 3 ಕಿಲೋ. ಉಳಿದ 5 ಕಿಲೋಗೂ ಮಿಕ್ಕ ಬಲವನ್ನು ಅಂಟೊಂದೇ ತಡೆದು ನಿಲ್ಲಬೇಕು.

ಮುತ್ಯಾ ಮಗ್ಗದಿಂದಲೇ ಕೂಗಿ ಹೇಳಿದರು: “ಕೊಂಡಿ ಸಡಲಾದ್ರ ಸೀರಿ ಹೋತು ನೋಡ್ರಿ.” ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡರ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸಿ ನೇಯುವರು. ಆ ಕೂಡಿಕೆಯಲ್ಲಿ ಅವಸರ ಮಾಡಿದವನ ಸೀರೆಯನ್ನು ಯಾರೂ ಕೊಳ್ಳುವುದಿಲ್ಲ. ನಮ್ಮ ಹಲಗೆಗೂ ಗಾಜಿಗೂ ಸರಿಯಾದ ಕೊಂಡಿಯೆಂದರೆ ಗಾಜು ಕೂಡಿಸುವವರ ಸಿಲಿಕೋನ್. ಅದರಲ್ಲಿಯೂ ಬೂಷ್ಟು ಹಿಡಿಯದಂತೆ ಔಷಧ ಬೆರೆಸಿದ ಸ್ನಾನದ ಮನೆಯ ಜಾತಿ ಬೇಡ. ಮೀನಿನ ತೊಟ್ಟಿಗೆಂದೇ ಬರೆದಿರುವುದನ್ನು ತರಬೇಕು. ಗಾಜು ಒಣಗಿ ಚೊಕ್ಕವಾಗಿರಬೇಕು. ಅಲ್ಲಲ್ಲಿ ಬೊಟ್ಟಿಟ್ಟಂತೆ ಹಚ್ಚದೆ ಹಲಗೆಯ ಬೆನ್ನಿಗೆಲ್ಲ ಹಚ್ಚಿ ಒತ್ತಿ, ಸುತ್ತಲಿನ ಅಂಚನ್ನೂ ಎರಡು ಹಲಗೆಗಳ ನಡುವಿನ ಸಂದನ್ನೂ ಮುಚ್ಚಬೇಕು. ಹಿಂದೆ ಪೊಳ್ಳು ಉಳಿದರೆ ಅಲ್ಲಿ ನಿಂತ ನೀರು ಕೊಳೆತು ನಾರುವುದು; ಮೀನು ನುಸುಳಿದರೆ ಹೊರಬರುವ ದಾರಿಯಿಲ್ಲ. ಒಣಗುವಾಗ ಬರುವ ವಿನೆಗರಿನ ಹುಳಿವಾಸನೆಯು ಪೂರ್ಣವಾಗಿ ಹೋಗುವ ತನಕ, ಎಂದರೆ ದಪ್ಪ ಹಚ್ಚಿದಲ್ಲಿ ಒಂದು ವಾರವಾದರೂ, ನೀರು ತುಂಬಬಾರದು. ಇನ್ನೊಂದು ಮಾತು: ಒಣಗಿದ ಸಿಲಿಕೋನಿನ ಮೇಲೆ ಸಿಮೆಂಟಾಗಲಿ ಬಣ್ಣವಾಗಲಿ ನಿಲ್ಲದು. ಕಾಣುವ ಸಂದುಗಳಲ್ಲಿ ಅದು ಹಸಿಯಿರುವಾಗಲೇ ಮರಳು ಉದುರಿಸಿ ಒತ್ತಿಬಿಡಿರಿ.

ಇಷ್ಟೆಲ್ಲ ಆದಮೇಲೆ ಎರಡನೆಯ ಸಲ ನೀರು ತುಂಬಿಸಿದೆವು. ಗುಡ್ಡವು ಅಲುಗಲಿಲ್ಲ. ಹುಡುಗನು ತಾಳ್ಮೆಗೆಟ್ಟಿದ್ದನು, ನಿಜ ಹೇಳಬೇಕಾದರೆ ನಾವೂ ತಾಳ್ಮೆಗೆಟ್ಟಿದ್ದೆವು. ಬಾಗಲಕೋಟೆಯಿಂದ ತಂದ ಹತ್ತು ಗಪ್ಪಿ ಮೀನುಗಳನ್ನು ಅದೇ ಸಂಜೆ ಬಿಟ್ಟೆವು. ಮರುದಿನ ಬೆಳಗ್ಗೆ ಹತ್ತೂ ಮೇಲೆ ತೇಲುತ್ತಿದ್ದವು.

ಈ ಸಲ ಯಾರೂ ನಗಲಿಲ್ಲ. ಹುಡುಗನು ಅಂದು ಊಟಕ್ಕೆ ಬರಲಿಲ್ಲ. ತಪ್ಪು ಅವನದಲ್ಲ, ನಮ್ಮದೆಂದು ಎಷ್ಟು ಹೇಳಿದರೂ ಆಮೆಯನ್ನು ಬಿಟ್ಟುಬಂದ ಹಳ್ಳದ ಕಡೆಗೇ ಮುಖ ಮಾಡಿ ಕುಳಿತಿದ್ದನು.

ಕಾರಣವನ್ನು ಕಂಡುಹಿಡಿದವರು ಅಡಿಗೆಮನೆಯಿಂದ ಬಂದ ಆಯಿ. ಒಗ್ಗರಣೆಗೆಂದು ಅರಿಷಿಣ ಮುಟ್ಟಿದ ಕೈಯಿಂದಲೇ ಒಂದು ಸತ್ತ ಮೀನನ್ನು ಎತ್ತಲು ಹೋದರು. ನೀರು ತಾಗಿದೊಡನೆ ಬೆರಳುಗಳು ಕೆಂಪಗಾದವು. “ಇದು ನೀರಲ್ಲೋ ಯಪ್ಪಾ, ಸುಣ್ಣದ ತಿಳಿ ಆಗೇತಿ” ಎಂದರು. ಆರತಿಯ ತಟ್ಟೆಯಲ್ಲಿ ಅರಿಷಿಣಕ್ಕೆ ಸುಣ್ಣ ಕೂಡಿಸಿ ಕೆಂಪು ನೀರು ಮಾಡುವ ಕೈಗೆ ಅದು ಒಡನೆ ತಿಳಿಯಿತು. ಪುಸ್ತಕ ಓದಿದ ನಮಗೆ ತಿಳಿಯಲಿಲ್ಲ.

ಸಂಗತಿ ಹೀಗೆ. ಸಿಮೆಂಟು ‘ಒಣಗುವುದು’ ಎಂದು ನಾವು ಹೇಳುತ್ತೇವೆ. ವಾಸ್ತವದಲ್ಲಿ ಅದು ನೀರನ್ನು ತನ್ನೊಳಗೆ ಕಟ್ಟಿಕೊಂಡು ಕಲ್ಲಾಗುವುದು, ಹಾಗಾಗುವಾಗ ಸುಣ್ಣವನ್ನು ಹೊರಗೆ ಬಿಡುವುದು. ಹೊಸ ಸಿಮೆಂಟಿನ ಕ್ಷಾರವು ಮೀನಿನ ಕಿವಿರನ್ನು ಸುಡುವಷ್ಟು ತೀಕ್ಷ್ಣ. ಬರಿಗೈಯಲ್ಲಿ ಕಲಸಿದವನ ಚರ್ಮವೂ ಬಿರಿಯುವುದು. ನಾವು ಲೇಪವನ್ನು ಬೇಗ ಆಗಲೆಂದು ಬಿಸಿಲಿಗಿಟ್ಟು ಒಣಗಿಸಿದ್ದು ಇನ್ನೊಂದು ಅನ್ಯಾಯ. ನೀರಿಲ್ಲದೆ ಬಾಡಿದ ಸಿಮೆಂಟು ಕಲ್ಲಾಗದೆ ಪುಡಿಪುಡಿಯಾಗಿ ಉಳಿದಿತ್ತು. ಉಗುರಿನಿಂದ ಕೆರೆದರೆ ಉದುರುತ್ತಿತ್ತು. ಗೋಡೆ ಕಟ್ಟುವ ಯಾವ ಗೌಂಡಿಯೂ ಇಂಥ ತಪ್ಪು ಮಾಡನು.

ತೊಟ್ಟಿಯನ್ನು ಬರಿದುಮಾಡಿ, ಪುಡಿಯಾದ ಪದರನ್ನು ತಂತಿಯ ಕುಂಚದಿಂದ ಉಜ್ಜಿ ತೆಗೆದು, ಮತ್ತೆರಡು ಕೈ ಲೇಪ ಕೊಟ್ಟು, ಈ ಸಲ ಒದ್ದೆ ಗೋಣಿತಟ್ಟು ಮುಚ್ಚಿ ಏಳು ದಿನ ತಣ್ಣಗಿಟ್ಟೆವು. ಅನಂತರ ನೀರು ತುಂಬಿಸುವುದು, ಮೂರು ದಿನಕ್ಕೊಮ್ಮೆ ಚೆಲ್ಲುವುದು, ಮತ್ತೆ ತುಂಬಿಸುವುದು. ಚೆಲ್ಲಿದ ನೀರನ್ನು ಗಿಡಕ್ಕೆ ಹಾಕಲಿಲ್ಲ. ಒಂದೆರಡು ಸಲ ವಿನೆಗರ್ ಬೆರೆಸಿದ ನೀರಿನಿಂದ ಬಂಡೆಯನ್ನು ತೊಳೆದದ್ದರಿಂದ ಸ್ವಲ್ಪ ಬೇಗವಾಯಿತು. ಪರೀಕ್ಷೆಗಾಗಿ ಆಯಿಯ ಉಪಾಯವನ್ನೇ ಹಿಡಿದೆವು. ಬಿಳಿಯ ಕಾಗದದ ಪಟ್ಟಿಗಳನ್ನು ಅರಿಷಿಣದ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿ ಇಟ್ಟುಕೊಳ್ಳುವುದು. ಒಂದನ್ನು ತೊಟ್ಟಿಯ ನೀರಿಗೆ, ಇನ್ನೊಂದನ್ನು ಬಾವಿಯಿಂದ ಆಗತಾನೆ ತಂದ ನೀರಿಗೆ ಅದ್ದಿ ಒಟ್ಟಿಗಿಟ್ಟು ನೋಡುವುದು. ಬಾವಿಯ ನೀರೇ ಗಡಸಾಗಿರಬಹುದಾದುದರಿಂದ ಎರಡನ್ನೂ ಹೋಲಿಸಿ ನೋಡತಕ್ಕದ್ದು. ಅಂಗಡಿಗಳಲ್ಲಿ ಇದಕ್ಕಾಗಿ ಪಿಎಚ್ ಕಾಗದವೂ ದೊರೆಯುವುದು. ಕೊನೆಗೊಮ್ಮೆ ಅದರಿಂದಲೂ ನೋಡುವುದು ಲೇಸು. ಇಪ್ಪತ್ತೆಂಟನೆಯ ದಿನ ನಮ್ಮ ಎರಡು ಪಟ್ಟಿಗಳಿಗೂ ಭೇದ ಕಾಣಲಿಲ್ಲ.

ಆಗ ಬಂಡೆಯನ್ನು ಪೂರ್ಣ ಒಣಗಿಸಿ, ನೀರಿನಲ್ಲಿ ಮುಳುಗುವ ಭಾಗಕ್ಕೆ ಎಪಾಕ್ಸಿಯ ಎರಡು ಕೈ ಹಚ್ಚಿದೆವು. ಇದು ಎರಡು ಡಬ್ಬಿಗಳಲ್ಲಿ ಬರುವ ರಾಳ. ಹೇಳಿದ ಪ್ರಮಾಣದಲ್ಲಿಯೇ ಬೆರೆಸಬೇಕು, ಮತ್ತು ಥಿನ್ನರ್ ಇಲ್ಲದ ಜಾತಿಯೇ ಆಗಿರಬೇಕು. ಎರಡನೆಯ ಕೈ ಹಸಿಯಿರುವಾಗ ತೊಳೆದೊಣಗಿಸಿದ ಸಣ್ಣ ಮರಳನ್ನು ಎರಚಿದರೆ ಹೊಳಪು ಹೋಗಿ ಕಲ್ಲಿನ ಮೈ ಬರುವುದು. ಹೊರಗೋಡೆಗೆ ಬಳಿಯುವ ಬಣ್ಣವನ್ನು ಇಲ್ಲಿ ಹಚ್ಚಬಾರದು; ಪಾಚಿ ಬೂಷ್ಟುಗಳನ್ನು ಕೊಲ್ಲುವ ಔಷಧವು ಅದರಲ್ಲಿರುತ್ತದೆ. ರಾಳಕ್ಕೆ ಒಂದು ವಾರ ಬಿಡುವು ಕೊಟ್ಟು, ಒಮ್ಮೆ ನೀರು ತುಂಬಿ ಚೆಲ್ಲಿ, ಮತ್ತೆ ತುಂಬಿದೆವು. ರಾಳದ ಬೆಲೆಯು ಉಳಿದೆಲ್ಲ ಸಾಮಗ್ರಿಗಿಂತ ಹೆಚ್ಚಾಯಿತೆಂಬುದನ್ನು ಒಪ್ಪಿಕೊಳ್ಳಬೇಕು. ಸಿಮೆಂಟನ್ನು ಚೆನ್ನಾಗಿ ಪಕ್ವಗೊಳಿಸಿದ ಮೇಲೆ ರಾಳವೇಕೆಂದು ಕೇಳುವವರೂ ಇದ್ದಾರೆ. ಹತ್ತು ಮೀನುಗಳನ್ನು ಕೊಂದ ನಾವು ಆ ವಾದಕ್ಕೆ ಇಳಿಯಲಾರೆವು.

ಗೂಡುಗಳಲ್ಲಿ ಎರಡು ಜರೀಗಿಡ, ಒಂದು ಮನಿಪ್ಲಾಂಟ್. ಮನಿಪ್ಲಾಂಟಿನ ಬೇರು ನೀರಿಗೆ ಇಳಿಬಿದ್ದು ಮೀನಿನ ಕಸುರನ್ನು ಹೀರಿಕೊಳ್ಳುವುದು. ಮೀನು ಈ ಸಲ ಆರೇ. ಒಂದೆರಡನ್ನು ಮೊದಲು ಬಿಟ್ಟು, ವಾರ ನೋಡಿ, ಮಿಕ್ಕವನ್ನು ಬಿಟ್ಟೆವು.

ಮೊನ್ನೆ ಹುಡುಗನ ಪತ್ರ ಬಂದಿದೆ. ಗಪ್ಪಿಯು ಮರಿಹಾಕುವ ಮೀನಷ್ಟೆ. ಮರಿಗಳು ಬಂಡೆಯ ಸಂದುಗಳಲ್ಲಿ ಅಡಗುತ್ತಿರುವುದರಿಂದ ಎಷ್ಟಾಗಿವೆಯೆಂದು ಎಣಿಸಲು ಬರುವುದಿಲ್ಲವಂತೆ. ಹೆಚ್ಚಾದವನ್ನು ಹಳ್ಳಕ್ಕೆ ಬಿಡಲೇ ಎಂದು ಕೇಳಿದ್ದಾನೆ. ಬೇಡ, ಅದು ಹೊರನಾಡಿನ ಮೀನು, ಹಳ್ಳದ ಮೀನುಗಳ ಪಾಲನ್ನು ತಿಂದುಹಾಕುವುದು. ಸಂಗಡಿಗರ ತೊಟ್ಟಿಗಳಿಗೆ ಕೊಡು ಎಂದು ಬರೆದಿದ್ದೇವೆ. ಉಳಿದ ಥರ್ಮಾಕೋಲ್ ತುಂಡುಗಳನ್ನು ಅಟ್ಟದ ಮೇಲೆ ಇಟ್ಟಿದ್ದಾರೆ. ಆಯಿ ಮಾತ್ರ ಪ್ರತಿ ಶುಕ್ರವಾರ ಒಂದು ಅರಿಷಿಣದ ಪಟ್ಟಿಯನ್ನು ತೊಟ್ಟಿಯಲ್ಲಿ ಅದ್ದಿ ನೋಡಿಯೇ ದೇವರ ಮನೆಗೆ ಹೋಗುತ್ತಾರಂತೆ.